ಕಹಿ ಕಷಾಯ

ಜೂನ್ ೧೮, ಬುಧವಾರ.

ಡಾಕ್ಟರಮ್ಮನ ಮಾತು ತಲೆಯಿಂದ ಹೋಗುತ್ತಿಲ್ಲ. ನನಗೆ ಬಂದಿರುವುದು ಗೊನೊರಿಯಾ, ಲೈಂಗಿಕ ಸಂಪರ್ಕದಿಂದ, ಅಂದರೆ ನನಗೆ ಗಂಡನಿಂದಲೇ, ಅಂಟಿದ ರೋಗ. ಲ್ಯಾಬಿನಲ್ಲಿ ಔಷಧ ಹಾಕಿದರೂ ಆ ರೋಗಾಣು ಸಾಯದೆ ಬೆಳೆಯುತ್ತಿದೆಯಂತೆ. "ಇದ ಔಷಧ ಮೊದ್ಲ ಅರ್ಧಾ ತಗೊಂಡು ಬಿಟ್ಟೀರೇನ್ರಿ?" ಎಂದು ಕೇಳಿದರು. ನಾನು ಒಂದು ಮಾತ್ರೆಯನ್ನೂ ನುಂಗಿದವಳಲ್ಲ.

ಆಸ್ಪತ್ರೆಯಿಂದ ಮರಳುವಾಗ ಹಡಪಸರದ ಟ್ರಾಫಿಕ್‌ನಲ್ಲಿ ಕೂತಾಗ ನೆನಪಾಯಿತು. ಹೋದ ತಿಂಗಳು ನನ್ನ ಗಂಡ ಸುಖೇಶ್ ಹೋಟೆಲಿನ ಕೆಲಸ ಮುಗಿಸಿ ಬಂದವರೇ ನನಗೆ ಕಷಾಯ ಕುದಿಸಿ ಕೊಡುತ್ತಿದ್ದರು. ಮದುವೆಯಾದಾಗಿನಿಂದ ಮನೆಯ ಒಲೆ ಮುಟ್ಟದವರು. ಬೆಲ್ಲ ಹಾಕಿದ್ದರೂ ವಿಪರೀತ ಕಹಿ. "ಜೀರಿಗೆ ಸೀದುಹೋಯ್ತು ಮಾರಾಯ್ತಿ" ಎನ್ನುತ್ತಿದ್ದರು. ದಿನವೂ ಅರ್ಧ ಕುಡಿದು, ಉಳಿದದ್ದನ್ನು ಕದ್ದು ಸಿಂಕಿಗೆ ಸುರಿದೆ.

ಡಾಕ್ಟರ ಬಳಿ ಹೋದದ್ದು ಅವರಿಗೆ ಹೇಳಿಲ್ಲ. ಈಗ ಅಡುಗೆಮನೆಯಿಂದ ಜೀರಿಗೆಯ ಪರಿಮಳ ಬರುತ್ತಿದೆ. ಲೋಟದಲ್ಲಿ ಚಮಚ ತಿರುಗಿಸುವ ಸದ್ದು ನಿಲ್ಲುತ್ತಲೇ ಇಲ್ಲ.

"ಈ ಸಲ ಚೆಲ್ಲಬೇಡ, ಆಯ್ತಾ?"