ಮೂಲೆಯ ಬಾರಿನಲ್ಲಿ ನಿನ್ನಪ್ಪ

ಶನಿವಾರ, ಮಧ್ಯಾಹ್ನ

ಮುನಿಸಿಕೊಂಡು ಕೂತಿರುವ ಮಗಳಿಗೆ, ಅಮ್ಮನ ಆಶೀರ್ವಾದ.

ನೀನು ಮದುವೆಯಾಗಿ ಮಾತು ಬಿಟ್ಟ ಮೇಲೆ ಇದೇ ನನ್ನ ಮೊದಲ ಪತ್ರ. ಓದದೆ ಹರಿದುಹಾಕಬೇಡ, ವಿಷಯ ನಿನ್ನಪ್ಪನದು.

ಅವರ ನಡವಳಿಕೆ ನನಗೆ ಸರಿಕಾಣುತ್ತಿಲ್ಲ. ಪ್ರತಿ ಶುಕ್ರವಾರ ಸಂಜೆ ಕತ್ತರಿ ಕೆಳಗಿಟ್ಟವರೇ ಗುಂಡಿ ತರುತ್ತೇನೆಂದು ಹೊರಡುತ್ತಾರೆ. ನಮ್ಮ ಟೈಲರಿಂಗ್ ಅಂಗಡಿಯಲ್ಲಿ ಊರಿಗೆಲ್ಲ ಹಂಚುವಷ್ಟು ಗುಂಡಿಗಳಿವೆ! ತಿರುಗಿ ಬಂದಮೇಲೆ ಊಟ ಬೇಡ, ಹೊಟ್ಟೆ ಭಾರ ಎನ್ನುತ್ತಾರೆ. ಬಾಯಲ್ಲಿ ಬೆಳ್ಳುಳ್ಳಿ ವಾಸನೆ, ಅಂಗಿಯ ತೋಳಿನಲ್ಲಿ ಕೆಂಪು ಸಾಸಿನ ಕಲೆ. ಅದನ್ನೂ ಸಹಿಸಿಕೊಂಡೆ. ಆದರೆ ಹೋದ ವಾರ ಅವರ ಪ್ಯಾಂಟಿನ ಮೇಲೆ ಮೆರೂನ್ ದಾರದ ತುಂಡು ಸಿಕ್ಕಿತು. ಈ ತಿಂಗಳು ಅಂಗಡಿಗೆ ಮೆರೂನ್ ಬಟ್ಟೆಯೇ ಬಂದಿಲ್ಲ. ಮೇಲಾಗಿ ಅವರು ಕತ್ತರಿಸುವವರು, ಹೊಲಿಯುವವಳು ನಾನು. ಮದುವೆಯಾದಾಗಿನಿಂದ ಸೂಜಿ ಮುಟ್ಟಿದವರಲ್ಲ. ಈಗ ಯಾರ ಬಟ್ಟೆಗೆ ಈ ಸೇವೆ?

ನಿನ್ನೆ ಹಿಂದೆಯೇ ಹೋದೆ. ನಮ್ಮ ಬೀದಿಯ ಮೂಲೆಯ ಸಣ್ಣ ಬಾರಿನೊಳಗೆ ಹೋದರು. ನಾನು ಕಂಬದ ಹಿಂದಿನ ಮೇಜು ಹಿಡಿದೆ. ಸುಮ್ಮನೆ ಕೂರಲು ಬಿಡುತ್ತಾರೆಯೇ? ಒಡತಿ ಬಂದು, "ಒಬ್ರೇನಾ? ಕೊರಿಯನ್ ಚಿಕನ್ ಬಿಸಿಬಿಸಿ ಕರೀತಿದೀನಿ, ತರ್ಲಾ?" ಎಂದಳು. ತಲೆಯಾಡಿಸಿದೆ. ನಿನ್ನಪ್ಪನ ಎದುರು ಒಬ್ಬ ಹೆಂಗಸು ನನಗೆ ಬೆನ್ನು ಹಾಕಿ ಕೂತಿದ್ದಳು. ಇವರು ಒಳ್ಳೊಳ್ಳೆಯ ತುಂಡುಗಳನ್ನೇ ಆರಿಸಿ ಅವಳ ತಟ್ಟೆಗೆ ಹಾಕುತ್ತಿದ್ದರು, ಜೊತೆಗೆ ಹುಳಿಯಲ್ಲಿ ನೆನೆಸಿದ ಮೂಲಂಗಿಯನ್ನೂ. ನನಗೆ ಒಂದು ದಿನ ಬಡಿಸಿದ ಕೈಯಲ್ಲ ಅದು.

ಮಾತು ಕೇಳೋಣವೆಂದರೆ ಆ ಹಾಳು ಚಿಕನ್ ಬಿಡಬೇಕಲ್ಲ! ಎರಡೆರಡು ಸಲ ಕರಿದದ್ದಂತೆ. ಕಚ್ಚಿದರೆ ಕರುಂ ಎಂದು ನನ್ನ ಕಿವಿಯೇ ತುಂಬಿಹೋಗುತ್ತಿತ್ತು. ಕೊನೆಗೆ ತುಂಡನ್ನು ದವಡೆಗೆ ಒತ್ತಿಕೊಂಡು, ಅಗಿಯದೆ ಕೂತೆ. ರುಚಿಯಾಗಿಯೂ ಇತ್ತು, ಅದಕ್ಕೂ ಸಿಟ್ಟು ಬಂತು.

ಅಷ್ಟರಲ್ಲಿ ಅವಳು ನೀರಿಗೆಂದು ಸ್ವಲ್ಪ ಹೊರಳಿದಳು, ಕೋಟು ಬೆಳಕಿಗೆ ಬಂತು. ಮೆರೂನ್ ಕೋಟು. ಭುಜ ನಾನು ಕೂರಿಸಿದ್ದು, ಕಾಲರ್ ನಾನು ತಿರುಗಿಸಿದ್ದು. ನೀನು ಕೆಲಸಕ್ಕೆ ಸೇರಿದಾಗ ಹೊಲಿದುಕೊಟ್ಟದ್ದು. ಪಕ್ಕದ ಹೊಲಿಗೆಯನ್ನು ಮಾತ್ರ ಬಿಚ್ಚಿ ಅಗಲ ಮಾಡಲಾಗಿತ್ತು, ಒಂದು ಹೊಲಿಗೆ ಉದ್ದ, ಒಂದು ಗಿಡ್ಡ. ನಿನ್ನಪ್ಪನ ಕೈಕೆಲಸ! ಹೆಣ್ಣಿನ ಕೋಟಿನ ಸೊಂಟವನ್ನು ಅಷ್ಟೊಂದು ಯಾಕೆ ಬಿಡಿಸುತ್ತಾರೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಬಸುರಿ ಮಗಳು ಎರಡು ಮೇಜಿನಾಚೆ, ನಾನು ಕಂಬದ ಹಿಂದೆ. ಓಡಿಬಂದು ತಬ್ಬಿಕೊಳ್ಳಬೇಕೆನಿಸಿತು. ಆಗಲೇ ನಿನ್ನ ಮಾತು ಕೇಳಿಸಿತು: "ಅಮ್ಮಂಗೆ ಹೇಳ್ಬೇಡಪ್ಪ. ನನ್ನ ಗಂಡ ಎಂಥವನು ಅಂತ ವಿಚಾರಿಸೋಕೆ ಅವನ ಆಫೀಸಿಗೇ ಹೋದವಳು, ಇನ್ನು ಈ ಮಗೂನ ಬಿಡ್ತಾಳಾ?" ಬಿಲ್ಲು ಕೊಟ್ಟು, ನಿಮ್ಮ ಕಣ್ಣಿಗೆ ಬೀಳದಂತೆ ಮನೆಗೆ ಬಂದೆ.

ನಿನ್ನಪ್ಪನಿಗೆ ಏನೂ ಹೇಳಿಲ್ಲ. ರಾತ್ರಿ ಅವರು ಊಟ ಬೇಡ ಎಂದಾಗ ನನಗೂ ಬೇಡ ಎಂದೆ. ಈಗ ಅವರಿಗೆ ನನ್ನ ಮೇಲೆ ಅನುಮಾನ.

ಆಫೀಸಿಗೆ ಹೋಗಿದ್ದೆ, ನಿಜ. ಯಾವ ತಾಯಿ ವಿಚಾರಿಸುವುದಿಲ್ಲ ಹೇಳು? ಆದರೆ ನಿನ್ನ ಬೆನ್ನು ನೋಡಿಕೊಂಡು ಬದುಕುವುದು ನನ್ನಿಂದಾಗದು. ಬರುವ ಶುಕ್ರವಾರ ನಾನೂ ಬರುತ್ತೇನೆ, ನೇರವಾಗಿ ನಿಮ್ಮ ಮೇಜಿಗೇ. ಒಂದೇ ಒಂದು ಪ್ರಶ್ನೆ ಕೇಳುವುದಿಲ್ಲ. ಪಕ್ಕದ ಕುರ್ಚಿಯ ಮೇಲಿನ ನಿನ್ನ ಬ್ಯಾಗು ತೆಗೆದಿಟ್ಟರೆ ಸಾಕು.

ಇಂತಿ,
ನಿನ್ನ ಅಮ್ಮ

ತಾ.ಕ.: ಎಷ್ಟು ತಿಂಗಳು? ಹಿಂದಿನಿಂದ ನೋಡಿದರೆ ಆರು ಎನಿಸಿತು. ಕಾಲು ಊದುತ್ತದೆಯೇ? ನಿನ್ನ ಗಂಡ ಯಾಕೆ ಜೊತೆಗಿರಲಿಲ್ಲ? ಇವೆಲ್ಲ ಇಲ್ಲೇ ಕೇಳಿ ಮುಗಿಸುತ್ತಿದ್ದೇನೆ, ಅಲ್ಲಿ ನಿನ್ನೆದುರು ಬಾಯಿ ಮುಚ್ಚಿಕೊಂಡಿರಲು.