ಉಸಿರಿಗೆ ಬಿಟ್ಟ ಜಾಗ

ಭಾನುವಾರ, ಮಾರ್ಚ್ ೧೪

ಪ್ರೀತಿಯ ಗುಂಡನಿಗೆ,

ಅಕ್ಕನ ಆಶೀರ್ವಾದಗಳು. ನಿನ್ನ ಕಾಗದ ಬಂದು ಬಹಳ ದಿನವಾಯಿತು, ಉತ್ತರ ತಡವಾಯಿತೆಂದು ಕೋಪಿಸಿಕೊಳ್ಳಬೇಡ. ಈ ಸಲ ಕೋಪಿಸಿಕೊಳ್ಳುವ ಸರದಿ ನನ್ನದು, ಅದಕ್ಕೇ ತಡ. ಮೊಮ್ಮಗಳಿಗೆ ಹಲ್ಲು ಬಂತೇ? ಕಚ್ಚಿಸಿಕೊಂಡೆಯಾ?

ನನ್ನ ಆಲ್ಬಮ್ ಬಂತು. ಹೆಡ್‌ಫೋನ್ ರಾಣಿ ತಾನೇ ಮನೆಗೆ ತಂದುಕೊಟ್ಟಳು. ಸ್ಟುಡಿಯೋ ನಡೆಸುವ ಹುಡುಗಿಗೆ ನಾನಿಟ್ಟ ಹೆಸರು ಅದು. ಅವಳ ಕುತ್ತಿಗೆಯಿಂದ ಹೆಡ್‌ಫೋನ್ ಇಳಿದದ್ದನ್ನು ನಾನು ಕಂಡಿಲ್ಲ. ನಾನು ಕಟ್ಟಿದ ಹಾಡುಗಳಿಗೆ ಗುಂಯ್‌ಗುಡುವ, ದಢಬಡ ಎನ್ನುವ ಏನೇನೋ ಸದ್ದು ಸೇರಿಸಿದ್ದಾಳೆ. ಒಂದೆರಡು ಕಡೆ ನನ್ನ ಹಾಡು ನನಗೇ ಗುರುತು ಸಿಗಲಿಲ್ಲ. ಆದರೂ ಚೆನ್ನಾಗಿದೆ, ಸುಳ್ಳೇಕೆ ಹೇಳಲಿ. ಅಲ್ಲಿ ಯಾರೂ ಒಟ್ಟಿಗೆ ಕೂರುವುದಿಲ್ಲ ನೋಡು. ನಾನು ಒಂದು ದಿನ ಹಾಡಬೇಕು, ಕೊಳಲಿನವನು ಇನ್ನೊಂದು ದಿನ ಊದಬೇಕು, ಆಮೇಲೆ ಅವಳು ಕಂಪ್ಯೂಟರಿನಲ್ಲಿ ಜೋಡಿಸುತ್ತಾಳೆ. ಊಟ ಇವತ್ತು, ಉಪ್ಪು ನಾಳೆ.

ನಿನ್ನ ಮಣಿಕಟ್ಟು ಹೋಯಿತು, ಇನ್ನು ಡೋಲು ಮುಟ್ಟುವಂತಿಲ್ಲ ಎಂದು ನೀನು ಹೇಳಿದಾಗ ನಾನು ಎಷ್ಟು ಅತ್ತೆ ಎಂದು ನಿನಗೆ ಗೊತ್ತು. ನಿನ್ನ ಜಾಗಕ್ಕೆ ಇನ್ನೊಬ್ಬರನ್ನು ಕೂರಿಸುವುದಿಲ್ಲ, ಬೇಕಾದರೆ ಮಿಷನ್ನೇ ಬಾರಿಸಲಿ ಎಂದು ಹಟ ಹಿಡಿದೆ. ಕೈಗೆ ಕಟ್ಟಿಕೊಳ್ಳಲು ಪಟ್ಟಿ ಕಳಿಸಿದೆ. "ಅಕ್ಕಾ, ಕಟ್ಕೊಂಡಿದೀನಿ, ಸ್ವಲ್ಪ ಹಾಯಾಗಿದೆ" ಅಂದೆಯಲ್ಲೋ!

ಅಡುಗೆಮನೆಯಲ್ಲಿ ಕೂತು ಕೇಳುತ್ತಿದ್ದೆ. ದೋಣಿಯವಳ ಹಾಡಿನಲ್ಲಿ ಡೋಲು ಶುರುವಾಯಿತು. ಕೊನೆಯ ಸಾಲಿನ ನಡುವೆ ನಾನು ಉಸಿರೆಳೆದುಕೊಳ್ಳುವ ಕಡೆ ನೀನು ಒಂದು ಪೆಟ್ಟು ನುಂಗಿ ಕಾಯುತ್ತಿದ್ದೆಯಲ್ಲ, ಅಲ್ಲೇ, ಹಾಗೆಯೇ, ಡೋಲು ಕಾಯಿತು. ಮಿಷನ್ನಿಗೆ ನನ್ನ ಉಸಿರಿನ ಗೊಡವೆ ಏನಿದೆ? ಕೈಯಲ್ಲಿದ್ದ ಲೋಟ ಕೆಳಗಿಟ್ಟೆ.

ನೆಟ್ಟಗೆ ಸ್ಟುಡಿಯೋಕ್ಕೆ ಹೋದೆ. ರಾಣಿಯ ಮುಖ ಸಪ್ಪಗಾಯಿತು. "ಅಮ್ಮಾ, ಅವರು ಬಂದಿದ್ರು. ನಿಮಗೆ ಹೇಳಬೇಡ ಅಂತ ಕೈ ಮುಗಿದ್ರು. ನಾನೇನ್ ಮಾಡ್ಲಿ?" ಅಂದಳು. ಕೈ ಹೇಗಿತ್ತು ಎಂದು ಕೇಳಿದೆ. "ಕೈಗೇನಾಗಿತ್ತು? ಚೆನ್ನಾಗೇ ಬಾರಿಸಿದ್ರು" ಅಂದಳು.

ನೀನು ನನಗೆ ಮೋಸ ಮಾಡಿದೆ ಗುಂಡ. ಬೇರೆ ಯಾವ ಮಾತೂ ನನಗೆ ಸಿಗುತ್ತಿಲ್ಲ. ಒಂದೇ ಚಾಪೆಯ ಮೇಲೆ ಕೂತು ಹಾಡಿ ಬಾರಿಸಿ ಕೂದಲು ಬೆಳ್ಳಗಾದವರು ನಾವು. ಈಗ ನನ್ನ ಪಕ್ಕ ಕೂರಬಾರದೆಂದು ಗಟ್ಟಿಮುಟ್ಟಾದ ಕೈಗೆ ರೋಗ ಅಂಟಿಸಿಕೊಂಡೆ. ನನ್ನ ಬೆನ್ನ ಹಿಂದೆ ಬಂದು, ಬಾರಿಸಿ, ಕಳ್ಳನ ಹಾಗೆ ಹೋದೆ. ಜಗಳವಾಡಿದ್ದರೆ ಆಡಿ ಮುಗಿಸುತ್ತಿದ್ದೆವು.

ನಾದಿನಿಗೆ, ಮಕ್ಕಳಿಗೆ ನನ್ನ ಆಶೀರ್ವಾದ ತಿಳಿಸು. ಕೂಸಿನ ಕೆನ್ನೆಗೊಂದು ಮುತ್ತು. ನಿನ್ನ ಕೈಗಳು ಚೆನ್ನಾಗಿರಲಿ. ಇದನ್ನು ಮನಸಾರೆ ಹೇಳುತ್ತಿದ್ದೇನೆ, ಕುಹಕವೆಂದು ತಿಳಿಯಬೇಡ.

ನಿನ್ನ ಅಕ್ಕ

ತಾ.ಕ.: ಬರೆಯಬಾರದೆಂದುಕೊಂಡಿದ್ದೆ, ತಡೆಯಲಾಗಲಿಲ್ಲ. ಅವಳು ಇನ್ನೊಂದು ಮಾತೂ ಹೇಳಿದಳು. ನೀನು ಹೆಡ್‌ಫೋನಿನಲ್ಲಿ ಎರಡು ಸಾಲು ಕೇಳಿ, "ಅಕ್ಕನ ದನಿ ತೆಗೀರಿ, ಇದನ್ನ ಕೇಳ್ಕೊಂಡು ನನ್ನಿಂದ ಬಾರಿಸೋಕಾಗಲ್ಲ" ಅಂದೆಯಂತೆ. ತಾಳಕ್ಕೆಂದು ಮಿಷನ್ ಹಾಕುವ ಬರೀ ಟಕ್ ಟಕ್ ಸದ್ದು ಕೇಳಿಸಿಕೊಂಡು ಬಾರಿಸಿದೆಯಂತೆ. ನಾನೀಗ ಆ ಜಾಗದಲ್ಲಿ ಉಸಿರೆಳೆಯುವುದಿಲ್ಲ ಗುಂಡ, ಅಲ್ಲಿಯವರೆಗೆ ಉಸಿರು ಸಾಲುವುದೇ ಇಲ್ಲ, ಮೊದಲೇ ಎಳೆದುಕೊಳ್ಳಬೇಕು. ನನ್ನ ಸಾಲನ್ನು ಕತ್ತರಿಸಿ, ಜರುಗಿಸಿ, ನೀನು ಬಿಟ್ಟ ಜಾಗಕ್ಕೆ ಕೂರಿಸಿದವಳು ಆ ಹುಡುಗಿ. ನೀನು ಕಾದದ್ದು ಹಳೆಯ ಅಕ್ಕನಿಗಾಗಿ. ಈಗಿನವಳು ಇನ್ನೂ ಬದುಕಿದ್ದಾಳೆ ಕಣೋ, ಒಂದು ಸಾಲಿಗೆ ಎರಡು ಸಲ ಉಸಿರೆಳೆದುಕೊಂಡು ಹಾಡುತ್ತಾಳೆ.