ಮೆಟ್ಟಿಲೇ ಇಲ್ಲದ ಮನೆ

ಮಾರ್ಚ್ ೧೧, ಬುಧವಾರ
ಮನೆಯಿಂದ, ಅವನು ಕೆಲಸಕ್ಕೆ ಹೋದ ಮೇಲೆ

ಪ್ರೀತಿಯ ಮಗಳೇ,

ಸೊಸೆಗೆ ಬರೆಯುವಾಗ ಚಿ. ಸೌ. ಅಂತ ಶುರು ಮಾಡೋದು ನಮ್ಮ ಕಾಲದವರ ರೂಢಿ. ಚಿ. ಅಂತ ಬರೆದೆ, ಸೌ. ಅಂತ ಬರೆಯೋಕೆ ಕೈ ಬರಲಿಲ್ಲ. ಆ ಹಾಳೆ ಹರಿದು ಹಾಕಿ ಮಗಳೇ ಅಂತ ಬರೆದಿದ್ದೀನಿ, ತಪ್ಪು ತಿಳ್ಕೋಬೇಡ. ಭುಜ ಹೇಗಿದೆ? ಕೈ ಎತ್ತಿ ತಲೆ ಬಾಚಿಕೊಳ್ಳೋಕೆ ಆಗುತ್ತಾ? ಪುಟ್ಟಿ ಹೊಟ್ಟೆ ತುಂಬ ಉಣ್ತಾಳಾ, ಇಲ್ಲ ಅಲ್ಲೂ ತುತ್ತು ದವಡೇಲಿ ಇಟ್ಕೊಂಡು ಕಿಟಕಿ ನೋಡ್ತಾ ಕೂರ್ತಾಳಾ? ನೀವಿಬ್ಬರೂ ಯಾವ ಊರಲ್ಲಿದ್ದೀರಿ ಅಂತ ನನಗೆ ಗೊತ್ತಿಲ್ಲ. ಗೊತ್ತಿಲ್ಲದಿರೋದೇ ಒಳ್ಳೇದು ಅಂತ ಸಹಾಯ ಕೇಂದ್ರದ ಕೌನ್ಸೆಲರ್ ಹೇಳಿದರು. ನಿಜವೇ. ಬಾಯಲ್ಲಿ ಎಷ್ಟು ಸುಳ್ಳು ಬೇಕಾದರೂ ಹೇಳಬಲ್ಲೆ, ಮುಖದಲ್ಲಿ ಹೇಳೋಕೆ ನನಗೆ ಬರಲ್ಲ. ಈ ಕಾಗದಾನ ಅವರ ಕೈಗೇ ಕೊಡ್ತೀನಿ, ಅವರು ನಿನಗೆ ಮುಟ್ಟಿಸ್ತಾರೆ. ನನ್ನ ಮಂಡಿ ನೋವು ಇದ್ದಿದ್ದೇ, ಅದರ ಸುದ್ದಿ ಬಿಡು.

ಪುಟ್ಟಿಯ ಟಿ.ಸಿ. ಸಿಕ್ಕಿತು. ಇದರ ಜೊತೆ ಇಟ್ಟಿದ್ದೀನಿ, ಮಡಚಬೇಡ. ಅದಿಲ್ಲದೆ ಅಲ್ಲಿನ ಶಾಲೆಯವರು ಸೇರಿಸಿಕೊಳ್ಳಲ್ಲ ಅಂತ ಕೌನ್ಸೆಲರ್ ಎದುರುಮನೆ ಟೀಚರ್ ಫೋನಿಗೆ ಹೇಳಿ ಕಳಿಸಿದ್ದರಲ್ಲ, ಮಾರನೇ ದಿನವೇ ಹೋದೆ. ಅಪ್ಪನ ಸಹಿ ಬೇಕು ಅಂದರು ಗುಮಾಸ್ತರು. ಅಪ್ಪನಿಂದ ತಪ್ಪಿಸಿಕೊಂಡು ಹೋದ ಮಗುವಿಗೆ ಅಪ್ಪನ ಸಹಿ ಎಲ್ಲಿಂದ ತರಲಿ? ಎರಡನೇ ಸಲ ಹೋದಾಗ ಕಂಪ್ಯೂಟರ್ ಕೆಟ್ಟಿತ್ತು. ಮೂರನೇ ಸಲ ಕೌನ್ಸೆಲರ್ ಬರೆದುಕೊಟ್ಟ ಕಾಗದ ತಗೊಂಡು ನೇರ ಹೆಡ್ ಮೇಡಮ್ ಮುಂದೆ ನಿಂತೆ. ಅವರು ಎರಡು ಸಲ ಓದಿದರು, ಎದ್ದು ಬಾಗಿಲು ಹಾಕಿಕೊಂಡರು, ಸಹಿ ಮಾಡಿ ಮುದ್ರೆ ಒತ್ತಿದರು. ಕೈಗೆ ಕೊಡುವಾಗ, ‘ಇಷ್ಟು ವರ್ಷ ಅದೇ ಮನೇಲಿ ನೀವು ಏನು ಮಾಡ್ತಿದ್ರಿ ಅಮ್ಮಾ’ ಅಂತ ಮೆತ್ತಗೆ ಕೇಳಿದರು. ನಾನು ಟಿ.ಸಿ. ಚೀಲಕ್ಕೆ ಹಾಕಿಕೊಂಡು ಹೊರಟು ಬಂದೆ.

ಏನು ಮಾಡ್ತಿದ್ದೆ ಅಂತ ನಿನಗೆ ಗೊತ್ತು. ಒಳಗೆ ಸದ್ದು ಶುರುವಾದರೆ ಪುಟ್ಟೀನ ಪಕ್ಕಕ್ಕೆ ಎಳಕೊಂಡು ಟೀವಿ ಜೋರು ಮಾಡ್ತಿದ್ದೆ. ಆಮೇಲೆ ನಿನಗೆ ಬಿಸಿನೀರು ಕಾಯಿಸಿ ಕೊಟ್ಟು, ಸ್ವಲ್ಪ ತಾಳ್ಕೋ, ಅವನ ಕೋಪ ಹಾಲು ಉಕ್ಕಿದ ಹಾಗೆ ಅಂತಿದ್ದೆ. ಒಂದು ಸಲ ನೀನು, ‘ಅತ್ತೆ, ನಿಮಗೆ ಕೇಳಿಸೋದೇ ಇಲ್ವಾ’ ಅಂದೆ. ಕೇಳಿಸ್ತಿತ್ತು. ನನ್ನ ಕಿವಿ ಇವತ್ತಿಗೂ ಚೆನ್ನಾಗಿದೆ.

ಆ ಸಹಾಯ ಕೇಂದ್ರ ನೀನು ನೋಡಿದ್ದೀಯಲ್ಲ, ಮೂರನೇ ಮಹಡಿ. ಲಿಫ್ಟ್ ಕೆಟ್ಟಿದೆ ಅಂತ ಬಾಗಿಲಿಗೆ ಚೀಟಿ ಅಂಟಿಸಿದ್ದಾರೆ. ಲಿಫ್ಟ್ ರಿಪೇರಿ ಮಾಡೋ ಮಗ ನಮ್ಮನೇಲೇ ಇದ್ದಾನೆ, ಕರಕೊಂಡು ಬರ್ಲಾ ಅಂತ ಕೇಳಿದರೆ ಹೇಗಿರುತ್ತೆ ಅಂದುಕೊಂಡು, ಮಂಡಿ ಹಿಡಕೊಂಡು ಮೆಟ್ಟಿಲ ಮೇಲೇ ಕೂತು ಒಬ್ಬಳೇ ನಕ್ಕೆ. ಮೇಲೆ ಬೆಂಚಿನ ಮೇಲೆ ನನ್ನ ಪಕ್ಕ ಒಬ್ಬ ಹುಡುಗಿ, ಮಡಿಲಲ್ಲಿ ಕೂಸು. ಸಹಾಯವಾಣಿಗೆ ಮೂರು ದಿನ ಫೋನ್ ಮಾಡಿದಳಂತೆ, ಬರೀ ಸಂಗೀತ ಕೇಳಿಸಿತಂತೆ. ಅವತ್ತು ಯಾವ ಆಶ್ರಯಧಾಮದಲ್ಲೂ ಹಾಸಿಗೆ ಖಾಲಿ ಇಲ್ಲ, ನಾಳೆ ಬಾಮ್ಮ ಅಂದರು. ‘ನಾಳೆ ಬರ್ತೀನಿ, ಇವತ್ತು ಎಲ್ಲಿಗೆ ಹೋಗಲಿ’ ಅಂದಳು. ಜಗಳಕ್ಕೆ ಕೇಳಿದ್ದಲ್ಲ, ದಾರಿ ಕೇಳಿದ ಹಾಗೆ ಕೇಳಿದಳು. ಅಲ್ಲಿದ್ದವರೂ ಕೆಟ್ಟವರಲ್ಲ ಕಣೇ. ಕೌನ್ಸೆಲರ್ ಒಬ್ಬರೇ, ಫೋನು ಎರಡು, ಊಟದ ಡಬ್ಬಿ ತೆರೆದಿದ್ದು ಹಾಗೇ ಇತ್ತು. ಆರು ಕಡೆ ಕೇಳಿ ನೋಡಿದರು. ಸಂಜೆ ಆ ಹುಡುಗಿ ಕೂಸನ್ನ ಎತ್ತಿಕೊಂಡು ಬಂದ ದಾರೀಲೇ ವಾಪಸ್ ಹೋದಳು. ಮಾರನೇ ದಿನ ಬಂದಳಾ ಅಂತ ಕೇಳಿದೆ. ಬರಲಿಲ್ಲವಂತೆ.

ಇನ್ನು ನಿನ್ನ ಆಸ್ಪತ್ರೆ ಚೀಟಿ, ನಿನ್ನ ಕೇಸಿಗೆ ಬೇಕು ಅಂತ ಕೌನ್ಸೆಲರ್ ಕೇಳಿದ್ದು. ಮೂವತ್ತು ವರ್ಷ ಅದೇ ಆಸ್ಪತ್ರೇಲಿ ಹಾಸಿಗೆ ಬಟ್ಟೆ ಎಣಿಸಿ ಮಡಚಿದವಳು ನಾನು, ದಾಖಲೆ ಕೋಣೆಯವನು ನೋಡಿದ ತಕ್ಷಣ ‘ಬಟ್ಟೆ ಅಕ್ಕಾ’ ಅಂತ ಸ್ಟೂಲ್ ಹಾಕಿದ. ಹುಡುಕಿ ಕೊಟ್ಟ. ಭುಜದ ಮೂಳೆ ಜಾರಿದೆ, ಮೆಟ್ಟಿಲಿಂದ ಬಿದ್ದದ್ದು ಅಂತ ಬರೆದಿತ್ತು. ನಮ್ಮನೆಗೆ ಮೆಟ್ಟಿಲೇ ಇಲ್ಲ. ಡಾಕ್ಟರ್ ನಿನ್ನ ಕೇಳಿದಾಗ ನೀನು ನನ್ನ ಮುಖ ನೋಡಿದೆ, ನಾನೇ ಮಧ್ಯೆ ಬಾಯಿ ಹಾಕಿ ಮೆಟ್ಟಿಲು ಅಂದೆ. ಆ ಒಂದು ಮಾತು ಎರಡು ವರ್ಷದಿಂದ ಅಲ್ಲಿ ನೀಲಿ ಶಾಯೀಲಿ ಕೂತಿದೆ. ಇದನ್ನ ಅಳಿಸೋಕೆ ಆಗುತ್ತಾ ಅಂತ ಕೌನ್ಸೆಲರನ್ನ ಕೇಳಿದೆ. ಅಳಿಸೋಕೆ ಆಗಲ್ಲ, ಆದರೆ ಕಂಡಿದ್ದನ್ನ ನೀವು ಹೇಳಬಹುದು ಅಂದರು. ಹೋದ ಗುರುವಾರ ಅವರ ಜೊತೇಲೇ ಪೊಲೀಸ್ ಠಾಣೆಗೆ ಹೋಗಿ ಹೇಳಿಕೆ ಕೊಟ್ಟೆ. ಮೆಟ್ಟಿಲು ಅಂದಿದ್ದು ನಾನು, ಅದು ಸುಳ್ಳು, ಕೈ ತಿರುಚಿದ್ದು ನನ್ನ ಮಗ, ನಾನು ಬಾಗಿಲಲ್ಲಿ ನಿಂತು ನೋಡಿದ್ದೀನಿ ಅಂತ. ಬರೆದುಕೊಳ್ಳೋ ಪೊಲೀಸಮ್ಮ, ‘ಹೆತ್ತ ಮಗನ ಮೇಲೇ ಅಲ್ವಾ, ಯೋಚನೆ ಮಾಡಿದ್ದೀರಾ’ ಅಂದಳು. ಮಾಡಿ ಮಾಡಿ ಸಾಕಾಗಿದೆ ತಾಯಿ, ಬರಕೋ ಅಂದೆ. ಹೊರಗೆ ಬಂದ ಮೇಲೆ ಹಗುರ ಆಗುತ್ತೆ ಅಂದುಕೊಂಡಿದ್ದೆ. ಆಗಲಿಲ್ಲ. ಸುಸ್ತಾಯಿತು ಅಷ್ಟೇ. ಬಸ್ಸಲ್ಲಿ ನಿದ್ದೆ ಬಂದು ಎರಡು ನಿಲ್ದಾಣ ಮುಂದೆ ಹೋಗಿಬಿಟ್ಟೆ.

ಕ್ಷಮಿಸು ಅಂತ ಕೇಳಲ್ಲ. ಅದು ನಿನ್ನ ಮೇಲೆ ಇನ್ನೊಂದು ಕೆಲಸ ಹೊರಿಸಿದ ಹಾಗೆ. ಹೊತ್ತು ಹೊತ್ತಿಗೆ ಉಣ್ಣು, ಭುಜಕ್ಕೆ ಶಾಖ ಕೊಡು. ಪುಟ್ಟಿ ಕೆನ್ನೆಗೆ ನನ್ನ ಪರವಾಗಿ ಒಂದು ಮುತ್ತು. ನೀವಿಬ್ಬರೂ ಬೆಚ್ಚಿ ಬೀಳದೆ ನಿದ್ದೆ ಮಾಡೋ ಹಾಗಾಗಲಿ, ನನ್ನ ಆಶೀರ್ವಾದದಲ್ಲಿ ಅಷ್ಟಾದರೂ ಶಕ್ತಿ ಇದ್ದರೆ.

ಇಂತಿ,
ನಿನ್ನ ಅತ್ತೆ

ಮರೆತ ಮಾತು: ಮರೆತಿರಲಿಲ್ಲ, ಮೇಲೆ ಬರೆಯೋಕೆ ನಾಚಿಕೆ ಆಯಿತು. ಶನಿವಾರ ಅವನನ್ನ ಠಾಣೆಗೆ ಕರೆಸಿದ್ದರು, ನಾನು ಹೇಳಿಕೆ ಕೊಟ್ಟಿದ್ದು ಗೊತ್ತಾಯಿತು. ಬಂದವನೇ ತಳ್ಳಿದ. ಕಪಾಟಿನ ಅಂಚು ಹಣೆಗೆ ತಗುಲಿತು, ಮೂರು ಹೊಲಿಗೆ. ಎದುರುಮನೆ ಟೀಚರ್ ಕರಕೊಂಡು ಹೋದರು, ಈ ಸಲ ಡಾಕ್ಟರಿಗೆ ಇದ್ದಿದ್ದು ಇದ್ದ ಹಾಗೆ ಹೇಳಿದೆ. ನಿನ್ನೆ ಕೇಂದ್ರದಲ್ಲಿ ನನಗೂ ಆಶ್ರಯ ಬೇಕು ಅನ್ನೋ ಅರ್ಜಿ ಹಿಡಿದು ಕೂತೆ. ಹಿಂಸೆ ಕೊಡುವವರ ಸಂಬಂಧ ಅನ್ನೋ ಕಡೆ ಗಂಡ ಅಂತ ಮೊದಲೇ ಅಚ್ಚಾಗಿತ್ತು. ಅದನ್ನ ಹೊಡೆದುಹಾಕಿ ಮಗ ಅಂತ ಬರೆದೆ. ಎರಡಕ್ಷರಕ್ಕೆ ಎಷ್ಟು ಹೊತ್ತು ಹಿಡೀತು ಗೊತ್ತಾ. ಅರವತ್ತು ದಾಟಿದವರನ್ನ ಸೇರಿಸಿಕೊಳ್ಳೋದು ಒಂದೇ ಕಡೆಯಂತೆ, ಅದು ನೀನಿರೋ ಜಾಗವೇ ಇರಬಹುದು ಅಂತ ಕೌನ್ಸೆಲರ್ ಮುಖ ನೋಡಿದರೆ ಅನಿಸಿತು. ಜಾಗ ಇದೆಯಾ ಅಂತ ಶುಕ್ರವಾರ ಹೇಳ್ತಾರೆ. ನನ್ನ ಮುಖ ದಿನಾ ನೋಡೋಕೆ ನಿನಗೆ ಆಗಲ್ಲ ಅಂದರೆ, ಅಷ್ಟರೊಳಗೆ ಕೌನ್ಸೆಲರ್‌ಗೆ ಒಂದು ಮಾತು ಹೇಳಿಬಿಡು. ನಿನ್ನ ಹತ್ತಿರ ಕಾರಣ ಕೇಳಬೇಡಿ ಅಂತ ನಾನೇ ಅವರಿಗೆ ಹೇಳಿದ್ದೀನಿ.